ಚಿತ್ರ, ಛಾಯಾಗ್ರಹಣ, ಶಿಲ್ಪ: ಎರಡನೇ ವರ್ಷಕ್ಕೆ ಯಾವುದನ್ನು ಹಿಡಿಯಲಿ?

ಕೇಳಿದವರು: ಅರಸೀಕೆರೆ ಕಡೆಯ ವಿದ್ಯಾರ್ಥಿನಿ, ಈಗ ಮೈಸೂರು

ಎಲ್ಲರಿಗೂ ನಮಸ್ಕಾರ. ದೃಶ್ಯಕಲಾ ಪದವಿಯ ಮೊದಲ ವರ್ಷದಲ್ಲಿದ್ದೇನೆ. ಈ ವರ್ಷ ರೇಖಾಚಿತ್ರ, ಬಣ್ಣ, ಜೇಡಿಮಣ್ಣು, ಕ್ಯಾಮೆರಾ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿಸಿದ್ದಾರೆ. ಮುಂದಿನ ವರ್ಷಕ್ಕೆ ಒಂದು ವಿಭಾಗವನ್ನು ಆರಿಸಿಕೊಳ್ಳಬೇಕು. ಜಲವರ್ಣ ಮಾಡುವಾಗ ಇದೇ ನನ್ನದು ಅನ್ನಿಸುತ್ತದೆ, ಮಣ್ಣಿಗೆ ಕೈ ಹಾಕಿದರೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಛಾಯಾಗ್ರಹಣ ತೆಗೆದುಕೋ, ಮದುವೆ ಕೆಲಸವಾದರೂ ಸಿಗುತ್ತದೆ ಎಂದು ಅಪ್ಪ ಹೇಳುತ್ತಾರೆ. ಇರುವುದು ಹಾಸ್ಟೆಲಿನಲ್ಲಿ, ಮೊಬೈಲ್ ಬಿಟ್ಟರೆ ಬೇರೆ ಕ್ಯಾಮೆರಾ ಇಲ್ಲ. ಈ ದಾರಿಯಲ್ಲಿ ಮೊದಲೇ ನಡೆದವರು ಹೇಗೆ ತೀರ್ಮಾನಿಸಿದಿರಿ, ದಯವಿಟ್ಟು ತಿಳಿಸಿ.

ಶಿಲ್ಪಿ, ಮೈಸೂರು

ತಂಗಿ, ಮುಗಿದ ಕೃತಿಯನ್ನು ನೋಡಿ ವಿಭಾಗ ಆರಿಸಿಕೊಳ್ಳಬೇಡ. ಮುಗಿದ ಮೇಲೆ ಎಲ್ಲವೂ ಚೆಂದವೇ. ಆ ಕೆಲಸದಲ್ಲಿ ಯಾರೂ ನೋಡದ, ಯಾರೂ ಹೊಗಳದ ಭಾಗ ಯಾವುದು, ಅದನ್ನು ದಿನವೂ ಮಾಡಲು ನಿನ್ನ ಮನಸ್ಸು ಒಪ್ಪುತ್ತದೆಯೇ ಎಂಬುದನ್ನು ನೋಡು. ನಾನು ಶಿಲ್ಪಕ್ಕೆ ನಿಂತದ್ದು ಹಾಗೆ. ಮಣ್ಣಿನಿಂದ ಹರಳು ಆರಿಸಿ ತೆಗೆದು ತುಳಿದು ಹದ ಮಾಡುವುದು, ಕಬ್ಬಿಣದ ಸರಳಿಗೆ ತಂತಿ ಸುತ್ತಿ ಒಳಗಿನ ಆಧಾರ ನಿಲ್ಲಿಸುವುದು, ಸಂಜೆ ಹೊರಡುವ ಮುನ್ನ ಒದ್ದೆ ಬಟ್ಟೆ ಸುತ್ತಿ ಮೇಲೆ ಪ್ಲಾಸ್ಟಿಕ್ ಹೊದಿಸುವುದು, ಇವು ಯಾವುವೂ ನನಗೆ ಭಾರವೆನಿಸಲಿಲ್ಲ. ನನ್ನ ಜೊತೆ ಸೇರಿದ್ದ ಇಬ್ಬರಿಗೆ ಅದೇ ಭಾರವಾಯಿತು. ಇಬ್ಬರೂ ನನಗಿಂತ ಚೆನ್ನಾಗಿ ಚಿತ್ರ ಬರೆಯುತ್ತಿದ್ದರು.

ಉದಾಹರಣೆಗೆ ಅಚ್ಚು ಒಡೆಯುವ ಕೆಲಸವನ್ನೇ ನೋಡು. ಮಣ್ಣಿನಲ್ಲಿ ಮಾಡಿದ ತಲೆಯ ಮೇಲೆ ಪ್ಲಾಸ್ಟರಿನ ಮೊದಲ ತೆಳು ಲೇಪ ಹಾಕುವಾಗ, ಬಟ್ಟೆಗೆ ಹಾಕುವ ನೀಲಿಯನ್ನು ಅದರಲ್ಲಿ ಬೆರೆಸುತ್ತೇವೆ. ಅದರ ಮೇಲೆ ಬಿಳಿ ಪ್ಲಾಸ್ಟರನ್ನು ದಪ್ಪಗೆ ಮೆತ್ತುತ್ತೇವೆ. ಗಟ್ಟಿಯಾದ ಮೇಲೆ ಅಚ್ಚನ್ನು ಎರಡು ಹೋಳಾಗಿ ಬಿಡಿಸಿ, ಮಣ್ಣು ತೆಗೆದು, ತೊಳೆದು, ಒಳಗೆಲ್ಲ ಸೋಪು ಸವರಿ, ಮತ್ತೆ ಕಟ್ಟಿ ಹೊಸ ಪ್ಲಾಸ್ಟರ್ ತುಂಬುತ್ತೇವೆ. ಆಮೇಲೆ ಉಳಿ ಸುತ್ತಿಗೆ ಹಿಡಿದು ಹೊರಗಿನ ಅಚ್ಚನ್ನು ಚೂರು ಚೂರಾಗಿ ಎಬ್ಬಿಸಬೇಕು. ಬಿಳಿ ಇರುವಷ್ಟು ಹೊತ್ತು ಕೈ ಧಾರಾಳವಾಗಿ ಓಡಬಹುದು. ನೀಲಿ ಕಂಡಿತೋ, ಅದರ ಬೆನ್ನಿಗೇ ಮೂಗಿನ ತುದಿ ಇದೆ, ಕಣ್ಣಿನ ರೆಪ್ಪೆ ಇದೆ, ಪೆಟ್ಟು ಹಗುರಾಗಬೇಕು. ಮಣ್ಣಿನ ಮೂಲ ಆಗಲೇ ಹೋಗಿದೆ, ಅಚ್ಚು ಕಣ್ಣೆದುರೇ ಹೋಗುತ್ತಿದೆ, ಉಳಿಯುವುದು ಒಂದೇ ಪ್ರತಿ. ಆ ಹೊತ್ತಿನಲ್ಲಿ ಹಸಿವು ನಿದ್ದೆ ಮರೆತುಹೋದರೆ ನೀನು ಶಿಲ್ಪಕ್ಕೆ ಸೇರಿದವಳು. ಬರೀ ದಿಗಿಲಾದರೆ ಚಿತ್ರ ವಿಭಾಗವನ್ನೇ ಹಿಡಿ, ಅದರಲ್ಲಿ ಕುಂದೇನೂ ಇಲ್ಲ.

ರಜೆಯಲ್ಲಿ ಸಾಧ್ಯವಾದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ ಬಾ. ಅದು ಶಿಲ್ಪಿಗಳ ಊರು. ಅಲ್ಲಿ ಒಂದು ಹಗಲು ಕುಳಿತರೆ ಕಲ್ಲಿನ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಛಾಯಾಗ್ರಾಹಕ, ಹಾಸನ

ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಮದುವೆಯ ಫೋಟೋ ನನ್ನ ಮನೆಯನ್ನು ನಡೆಸಿದೆ, ತಂಗಿಯ ಓದಿಗೆ ಹಣ ಕೊಟ್ಟಿದೆ. ಆಷಾಢದಲ್ಲಿ ಮದುವೆಗಳಿಲ್ಲದಾಗ ನನ್ನ ಸ್ವಂತ ಕೆಲಸ ಮಾಡಿಕೊಳ್ಳುತ್ತೇನೆ. ಆದರೆ ಮದುವೆ ಫೋಟೋ ತೆಗೆಯಲು ಪದವಿಯೇ ಬೇಕಾಗಿಲ್ಲ. ಒಳ್ಳೆಯ ಸ್ಟುಡಿಯೋದಲ್ಲಿ ಸಹಾಯಕರಾಗಿ ದುಡಿದರೂ ಅದನ್ನು ಕಲಿಯಬಹುದು. ಹಾಗಾಗಿ ಅದೊಂದೇ ಕಾರಣಕ್ಕೆ ಈ ವಿಭಾಗಕ್ಕೆ ಬರುವುದು ಬೇಡ.

ಕ್ಯಾಮೆರಾ ಇಲ್ಲವೆಂಬ ಚಿಂತೆ ಈಗಲೇ ಏಕೆ? ಮೊದಲು ಕಲಿಯಬೇಕಾದದ್ದು ಬೆಳಕು, ಅದಕ್ಕೆ ಮೊಬೈಲ್ ಧಾರಾಳ ಸಾಕು. ಊರಿಗೆ ಬಂದಾಗ ಹಳೇಬೀಡಿಗೆ ಹೋಗಿ, ಹೊರಗೋಡೆಯ ಒಂದೇ ಒಂದು ಮೂರ್ತಿಯನ್ನು ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದೇ ಜಾಗದಲ್ಲಿ ನಿಂತು ತೆಗೆಯಿರಿ. ಗೋಡೆಯನ್ನು ಸವರಿಕೊಂಡು ಓರೆಯಾಗಿ ಬೀಳುವ ಬಿಸಿಲಿನಲ್ಲಿ ಕೊರಳಿನ ಸರದ ಒಂದೊಂದು ಮಣಿಗೂ ತನ್ನದೇ ನೆರಳು ಹುಟ್ಟುತ್ತದೆ. ಬಿಸಿಲು ನೇರ ಎದುರಿಗೆ ಬಂದಾಗ ಅದೇ ಸರ ಚಪ್ಪಟೆಯಾಗಿ ಕಾಣುತ್ತದೆ. ಫ್ಲ್ಯಾಶ್ ಹಾಕಿದರೂ ಆಗುವುದು ಅದೇ. ಬೇಲೂರಿನ ಮದನಿಕೆಯರದ್ದು ಇನ್ನೊಂದು ಪಾಠ. ಅವರು ಸೂರಿನ ಕೆಳಗೆ ನೆರಳಿನಲ್ಲಿದ್ದಾರೆ. ಮಧ್ಯಾಹ್ನದ ಬಿಸಿಲು ಅಂಗಳದ ಕಲ್ಲುಹಾಸಿನ ಮೇಲೆ ಬಿದ್ದು ಕೆಳಗಿನಿಂದ ಅವರ ಮುಖಕ್ಕೆ ಮೆಲ್ಲಗೆ ಏರುತ್ತದೆ. ಎಲ್ಲರೂ ಆ ಹೊತ್ತನ್ನು ಫೋಟೋಕ್ಕೆ ಕೆಟ್ಟದ್ದು ಎನ್ನುತ್ತಾರೆ. ನಾನು ಆ ಹೊತ್ತಿಗಾಗಿ ಕಾಯುತ್ತೇನೆ.

ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ. ಸಾಮಾನ್ಯ ಜನರನ್ನು ಅಷ್ಟು ಅಕ್ಕರೆಯಿಂದ ಕಂಡವರು ಕಡಿಮೆ.

ನಿವೃತ್ತ ಚಿತ್ರಕಲಾ ಶಿಕ್ಷಕಿ, ಬೆಂಗಳೂರು

ಮಗು, ಒಂದನ್ನು ಹಿಡಿದರೆ ಉಳಿದೆರಡು ಕೈತಪ್ಪುತ್ತವೆ ಎಂಬ ಅಂಜಿಕೆ ನಿನ್ನ ಬರಹದಲ್ಲಿ ಕಾಣುತ್ತಿದೆ. ನಮ್ಮ ನಾಡಿನ ಕಲಾವಿದರನ್ನೇ ನೋಡು. ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರ ಕಲಿತರು. ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದ ಅದೇ ಕೈ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿತು, ವೀಣೆಯನ್ನೂ ನುಡಿಸಿತು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಓದಿದ್ದು ಚಿತ್ರಕಲೆ. ಆಮೇಲೆ ಸಗಣಿ, ಕುಂಕುಮ, ದಾರ, ಡಾಂಬರಿನ ಡ್ರಮ್ಮುಗಳಿಂದ ಕೃತಿ ಕಟ್ಟಿದರು. ಬೆಂಗಳೂರಿನ ಎನ್. ಪುಷ್ಪಮಾಲಾ ಬರೋಡದಲ್ಲಿ ಶಿಲ್ಪ ಕಲಿತವರು, 1990ರ ದಶಕದಲ್ಲಿ ತಾವೇ ವೇಷ ಧರಿಸಿ ಕ್ಯಾಮೆರಾ ಎದುರು ನಿಂತರು. ಅವರ ಛಾಯಾಚಿತ್ರಗಳಲ್ಲಿ ಮೈಯ ನಿಲುವನ್ನು ಗಮನಿಸು, ಶಿಲ್ಪ ಕಲಿತ ಕಣ್ಣು ಅಲ್ಲಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ನೀನು ಮೈಸೂರಿನಲ್ಲೇ ಇದ್ದೀಯ. ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಾಂಕರರು ಬರೆದ, ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ಬಹಳ ಜನ ಅದನ್ನು ತೈಲವರ್ಣವೆಂದೇ ತಿಳಿದು ಹೋಗುತ್ತಾರೆ, ಅದು ಜಲವರ್ಣ. ದೀಪಕ್ಕೆ ಮರೆಯಾಗಿಸಿದ ಬೆರಳುಗಳ ಸಂದಿನ ಕೆಂಪನ್ನೇ ನೋಡುತ್ತಾ ನಿಲ್ಲು. ಜಲವರ್ಣದಲ್ಲಿ ಬೆಳಕು ಬರುವುದು ಹಾಳೆಯ ಬಿಳುಪಿನಿಂದ, ಅದನ್ನು ಎಲ್ಲಿ ಉಳಿಸಬೇಕೆಂದು ಮೊದಲೇ ಗೊತ್ತಿರಬೇಕು. ಬೆಂಗಳೂರಿಗೆ ಬಂದರೆ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯನ್ನೂ ನೋಡು, ಚಿತ್ರ, ಶಿಲ್ಪ, ಛಾಯಾಚಿತ್ರ ಮೂರೂ ಒಂದೇ ಸೂರಿನಡಿ ಸಿಗುತ್ತವೆ.

ಶಿಲ್ಪ ಓದುತ್ತಿರುವ ಹುಡುಗನ ತಾಯಿ, ದಾವಣಗೆರೆ

ಎರಡೇ ಮಾತು. ಶಿಲ್ಪ ತೆಗೆದುಕೊಂಡರೆ ಓದು ಮುಗಿದ ಮೇಲೆ ಕೆಲಸ ಮಾಡಲು ಜಾಗ ಬೇಕು, ಮಾಡಿದ್ದನ್ನು ಇಡಲು ಜಾಗ ಬೇಕು, ಸಾಗಿಸಲು ಗಾಡಿ ಬೇಕು. ಇದನ್ನು ಮನೆಯವರೊಂದಿಗೆ ಈಗಲೇ ಮಾತನಾಡಮ್ಮ. ಇನ್ನೊಂದು, ಕಲ್ಲು ಕೆತ್ತುವಾಗ ಒಳ್ಳೆಯ ಮಾಸ್ಕ್ ಇಲ್ಲದೆ ಕೂರಬೇಡ. ಗ್ರಾನೈಟಿನ ದೂಳು ಶ್ವಾಸಕೋಶಕ್ಕೆ ಹೋದರೆ ತಿರುಗಿ ಬರುವುದಿಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಅಮ್ಮ ಹೇಳಿದ ಜಾಗದ ಮಾತು ನನಗೆ ಹೊಳೆದೇ ಇರಲಿಲ್ಲ. ಶಿಲ್ಪಿ ಅಣ್ಣನವರೇ, ಬೇಸರದ ಭಾಗವನ್ನು ಪರೀಕ್ಷಿಸು ಎಂದಿರಿ. ಹಾಸ್ಟೆಲ್ ಕೋಣೆಯಲ್ಲಿ ಇದ್ದುಕೊಂಡು ಅದನ್ನು ಮಾಡುವುದು ಹೇಗೆ?

ಶಿಲ್ಪಿ, ಮೈಸೂರು

ನಿನ್ನದು ತೆಂಗಿನ ಸೀಮೆ. ಊರಿನಿಂದ ಒಂದು ಸುಲಿದ ಕಾಯಿ ತಂದಿಡು. ಒಂದಷ್ಟು ದಿನ ಅದನ್ನು ಪೆನ್ಸಿಲಿನಲ್ಲಿ ಮಾತ್ರ ಬರೆ, ನೆರಳು ತುಂಬದೆ, ಬರೀ ರೇಖೆಯಲ್ಲಿ. ಆಮೇಲೆ ಕಿಟಕಿಯ ಬೆಳಕೊಂದರಲ್ಲೇ ಮೊಬೈಲಿನಲ್ಲಿ ತೆಗೆ, ಕಾಯಿಯನ್ನು ಅಲುಗಿಸದೆ ನೀನೇ ಸುತ್ತು. ಕೊನೆಗೆ ಅಂಗೈಯಷ್ಟು ಮಣ್ಣಿನಲ್ಲಿ ಮಾಡು, ಕಣ್ಣು ಮುಚ್ಚಿ ಎರಡನ್ನೂ ಮುಟ್ಟಿ ಹೋಲಿಸು. ಮೂರರಲ್ಲಿ ಯಾವುದನ್ನು ಕೆಡಿಸಿ ಮತ್ತೆ ಮಾಡಲು ಬೇಸರವಾಗಲಿಲ್ಲವೋ ಅದನ್ನು ಗುರುತು ಹಾಕಿಕೊ. ಯಾವುದು ಚೆನ್ನಾಗಿ ಬಂತು ಎಂಬುದನ್ನು ಈಗ ಲೆಕ್ಕಕ್ಕೆ ಹಿಡಿಯಬೇಡ.

ಪ್ಲಾಸ್ಟರ್ ಕೆಲಸವನ್ನು ಮಾತ್ರ ಕಾಲೇಜಿನಲ್ಲೇ ಮಾಡು. ನೀರಿಗೆ ಪ್ಲಾಸ್ಟರ್ ಉದುರಿಸಬೇಕು, ಪ್ಲಾಸ್ಟರಿಗೆ ನೀರು ಸುರಿಯಬಾರದು. ಬಕೆಟ್ ತೊಳೆದ ನೀರನ್ನು ಎಂದಿಗೂ ಬಚ್ಚಲಿಗೆ ಚೆಲ್ಲಬೇಡ, ಕೊಳವೆಯೊಳಗೆ ಕಲ್ಲಾಗಿ ಕೂರುತ್ತದೆ. ರಾತ್ರಿಯಿಡೀ ಬಿಟ್ಟು, ತಳದಲ್ಲಿ ಗಟ್ಟಿಯಾದದ್ದನ್ನು ಎಬ್ಬಿಸಿ ಕಸಕ್ಕೆ ಹಾಕು.