ಖಾಲಿ ಗೋದಾಮಿನ ಹಿಂದೆ ಸರಪಳಿಯಲ್ಲೇ ಬಿಟ್ಟುಹೋದ ನಾಯಿ: ಮೊದಲು ಏನು ಮಾಡಬೇಕು?

ನಿಟ್ಟುವಳ್ಳಿ_ಕ್ರಾಸ್:
ದಾವಣಗೆರೆ ನಿಟ್ಟುವಳ್ಳಿ ಕಡೆ ಖಾಲಿ ಮಾಡಿಹೋದ ಗೋದಾಮಿನ ಹಿಂದೆ ಒಂದು ಗಂಡು ನಾಟಿ ನಾಯಿ ಕಟ್ಟಿದಲ್ಲೇ ಇದೆ. ಸುಮಾರು 12 ಕೆಜಿ ಇರಬಹುದು, ಪಕ್ಕೆಲುಬು ಎಣಿಸಬಹುದು. ಕೊರಳಪಟ್ಟಿ ಚರ್ಮದೊಳಗೆ ಹೂತು ವಾಸನೆ ಬರ್ತಿದೆ. ಕಿವಿ ತುಂಬ ಉಣ್ಣಿ. ಅಕ್ಕಪಕ್ಕದವರು ಮಂಡಕ್ಕಿ, ಹಾಲು ಇಡ್ತಾರೆ, ಅದೂ ದಿನಾ ಅಲ್ಲ. ಹತ್ತಿರ ಹೋದ್ರೆ ಗುರ್ ಅನ್ನುತ್ತೆ. ಬಿಡಿಸೋದು ಹೇಗೆ, ಏನು ತಿನ್ನಿಸಬೇಕು? ಮಾಲೀಕರು ಆಮೇಲೆ ಬಂದು ತಗಾದೆ ತೆಗೆದ್ರೆ? ಗುಣವಾದ ಮೇಲೆ ಮನೆಯನ್ನೂ ಹುಡುಕಬೇಕು.

ಹಗೇವು:
ಕೊರಳಪಟ್ಟಿಗೆ ಕೈ ಹಾಕಬೇಡಿ ಸರ್. ಎಳೆದ್ರೆ ಜೊತೆಗೆ ಮಾಂಸವೂ ಕಿತ್ತು ಬರುತ್ತೆ. ವೆಲ್ಡಿಂಗ್ ಅಂಗಡಿಯಲ್ಲಿ ಬೋಲ್ಟ್ ಕಟರ್ ಕೇಳಿ ತಂದು ಗೋಡೆ ಕಡೆಯ ಕೊಂಡಿ ಕತ್ತರಿಸಿ, ಕೊರಳ ಕಡೆಯದಲ್ಲ. ಸರಪಳಿ ಹಿಡಿದು ದರದರ ಎಳೆದೊಯ್ಯೋದೂ ಬೇಡ, ಭಾರವೆಲ್ಲ ಗಾಯದ ಮೇಲೇ ಬೀಳುತ್ತೆ. ಇಬ್ಬರಿರಲಿ: ಒಬ್ಬರು ಮುಂದಿನಿಂದ ಬೇಯಿಸಿದ ಕೋಳಿ ತೋರಿಸಲಿ, ಇನ್ನೊಬ್ಬರು ಪಕ್ಕದಿಂದ ದಪ್ಪ ಕಂಬಳಿ ಹೊದಿಸಿ ಮೈಸಮೇತ ಎತ್ತಿ ಬೋನಿಗೆ ಇಳಿಸಲಿ. ಬಾಯಿ ಕಟ್ಟೋ ಯೋಚನೆ ಬಿಡಿ. ಗಂಟು ಬೀಳೋದು ಕಿವಿ ಹಿಂದೆ, ಗಾಯದ ಹತ್ತಿರವೇ. ಮೇಲಾಗಿ ಬಾಯಿ ಕಟ್ಟಿದ ನಾಯಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳೋಕೆ ಆಗಲ್ಲ. ಬೆಳಿಗ್ಗೆ ಆರಕ್ಕೆಲ್ಲ ಹೋಗಿ, ನಮ್ಮೂರ ಬಿಸಿಲು ಗೊತ್ತಲ್ಲ.

ಪಟ್ಟಿ ತೆಗೆಯೋದು ಪಶುವೈದ್ಯರ ಕೆಲಸ, ಅರಿವಳಿಕೆ ಕೊಟ್ಟೇ. ಉಪವಾಸ ಬಿದ್ದ ನಾಯಿ ಅಂತ ಮೊದಲೇ ಹೇಳಿ, ಪ್ರಮಾಣ ಅದರ ಮೇಲೆ ಹೋಗುತ್ತೆ. ವಾಸನೆ ಇದೆ ಅಂದ್ರೆ ಹುಳ ಬಿದ್ದಿರೋ ಸಾಧ್ಯತೆ ಜಾಸ್ತಿ. ಫಿನೈಲ್, ಸೀಮೆಎಣ್ಣೆ ಸುರಿಯೋ ಚಾಳಿ ನಮ್ಮಲ್ಲಿದೆ. ಎರಡೂ ಮಾಂಸ ಸುಡುತ್ತೆ, ನಾಯಿ ನೆಕ್ಕಿದ್ರೆ ವಿಷ. ಮನೆಯಲ್ಲಿ ಗಾಯ ತೊಳೆಯೋಕೆ ಕುದಿಸಿ ಆರಿಸಿದ ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಷ್ಟು ಸಾಕು.

ಕಚ್ಚಿದ್ರೆ, ಪರಚಿದ್ರೂ ಸರಿ, ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬಿಸ್ ಚುಚ್ಚುಮದ್ದಿಗೆ ಹೋಗಿ.

ಕೆರೆದಂಡೆ:
ಊಟದ ವಿಷಯಕ್ಕೆ ಬರ್ತೀನಿ, ಹೆಚ್ಚಿನವರು ತಪ್ಪೋದು ಇಲ್ಲೇ. ವಾರಗಟ್ಟಲೆ ಹಸಿದ ನಾಯಿಗೆ ಕನಿಕರಪಟ್ಟು ಹೊಟ್ಟೆತುಂಬ ಅನ್ನ ಹಾಕಿದ್ರೆ ಇನ್ಸುಲಿನ್ ಒಮ್ಮೆಲೇ ಏರಿ ರಕ್ತದಲ್ಲಿರೋ ರಂಜಕ, ಪೊಟ್ಯಾಸಿಯಂ ಜೀವಕೋಶದೊಳಗೆ ಸೆಳೆದುಕೊಂಡು ಹೋಗುತ್ತೆ. ಎರಡು-ಮೂರು ದಿನದಲ್ಲಿ ನಿತ್ರಾಣ, ನಡುಕ, ಕೊನೆಗೆ ಹೃದಯವೇ ನಿಲ್ಲಬಹುದು. 12 ಕೆಜಿ ನಾಯಿಗೆ ಮಲಗಿದ್ದಲ್ಲೇ ಬೇಕಾಗೋ ಶಕ್ತಿ ದಿನಕ್ಕೆ ಸುಮಾರು 450 ಕ್ಯಾಲರಿ. ಮೊದಲ ದಿನ ಅದರ ಮೂರನೇ ಒಂದು ಭಾಗ ಮಾತ್ರ, ಅಂದ್ರೆ ಎರಡು ಬೇಯಿಸಿದ ಮೊಟ್ಟೆ, ಅದನ್ನೂ ಆರು ಸಲಕ್ಕೆ ಹಂಚಿ. ಎರಡನೇ ದಿನ ಅರ್ಧ, ನಾಲ್ಕೈದನೇ ದಿನಕ್ಕೆ ಪೂರ್ತಿ 450. ಶುರುವಿನಲ್ಲಿ ಮೊಟ್ಟೆ, ಕೋಳಿ ಜಾಸ್ತಿ, ಅನ್ನ ಕಮ್ಮಿ. ನೀರೂ ಸ್ವಲ್ಪ ಸ್ವಲ್ಪವೇ.

ಹಾಲು ನಿಲ್ಲಿಸಿ ಅಂತ ಅಕ್ಕಪಕ್ಕದವರಿಗೆ ಹೇಳಿ, ಭೇದಿ ಆಗುತ್ತೆ. ಒಗ್ಗರಣೆ ಮಂಡಕ್ಕಿಯಂತೂ ಬೇಡವೇ ಬೇಡ: ಅದರಲ್ಲಿರೋ ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ.

ಹಳೇಪ್ಯಾಟೆ:
ತಗಾದೆ ಬಗ್ಗೆ. ಸುಮ್ನೆ ಬಿಚ್ಚಿಕೊಂಡು ಹೋದ್ರೆ ಕಳ್ಳತನ ಅಂತ ದೂರು ಕೊಡಬಹುದು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ 11ನೇ ಕಲಮಿನಲ್ಲಿ ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟೋದು, ಹಸಿವು ಬಾಯಾರಿಕೆಗೆ ತಳ್ಳಿ ಬಿಟ್ಟುಹೋಗೋದು ಎರಡೂ ಅಪರಾಧ. ಗಾಯ, ಸರಪಳಿ, ಖಾಲಿ ತಟ್ಟೆ ಕಾಣೋ ಹಾಗೆ ವಿಡಿಯೊ ಮಾಡಿ, ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೀರಿ. ಮಾಲೀಕರು ಫೋನಿಗೆ ಸಿಕ್ಕಿದ್ರೆ ಇನ್ನೂ ಸಲೀಸು, 'ನಾಯಿ ನನಗೆ ಬೇಡ, ಇವರಿಗೆ ಒಪ್ಪಿಸಿದ್ದೇನೆ' ಅಂತ ಬರೆಸಿಕೊಂಡು ಸಹಿ ಹಾಕಿಸಿ. ಬೈಯೋದೆಲ್ಲ ಸಹಿ ಆದ ಮೇಲೆ ಇಟ್ಕೊಳ್ಳಿ.

ನಿಟ್ಟುವಳ್ಳಿ_ಕ್ರಾಸ್:
ಎಲ್ಲರಿಗೂ ಥ್ಯಾಂಕ್ಸ್. ಉಣ್ಣಿ ಔಡಲ ಬೀಜದಷ್ಟು ದಪ್ಪ ಇವೆ, ಒಸಡು ಬಿಳಿಚಿಕೊಂಡಂಗಿದೆ. ಎಮ್ಮೆಗೆ ಹಾಕೋ ಉಣ್ಣಿ ಔಷಧಿ ಮನೆಯಲ್ಲಿದೆ, ಹಚ್ಚಬಹುದಾ?

ಕೆರೆದಂಡೆ:
ಬೇಡ. ದನದ ಔಷಧಿಯ ಲೆಕ್ಕ ಬೇರೆ, ತೆರೆದ ಗಾಯದಿಂದ ಅದು ನೇರ ಮೈಗಿಳಿಯುತ್ತೆ. ತೂಕ ನೋಡಿ ನಾಯಿಯದ್ದೇ ಔಷಧಿ ಬರೆಸಿಕೊಳ್ಳಿ. ಒಸಡು ಬಿಳಿಚಿದೆ ಅಂದ್ರೆ ಉಣ್ಣಿ ಜ್ವರದ ಗುಮಾನಿ ಇಟ್ಕೊಂಡು ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಷ್ಟಿದೆ ನೋಡಬೇಕು. ಅದೇ ಆಗಿದ್ರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ದಿನಕ್ಕೆ ಕೆಜಿಗೆ 10 ಮಿಗ್ರಾಂ ಲೆಕ್ಕದಲ್ಲಿ 28 ದಿನ, ಊಟದ ಜೊತೆ. ಹತ್ತು ದಿನಕ್ಕೆ ನಾಯಿ ಚುರುಕಾಗುತ್ತೆ, ಜನ ಮಾತ್ರೆ ನಿಲ್ಲಿಸ್ತಾರೆ, ರೋಗ ಒಳಗೇ ಉಳಿಯುತ್ತೆ. ಇಡೋ ಜಾಗದ ಗೋಡೆ ಬಿರುಕಿಗೂ ಸಿಮೆಂಟ್ ಮೆತ್ತಿ, ಉಣ್ಣಿ ಮೊಟ್ಟೆ ಇಡೋದು ಅಲ್ಲೇ.

ಹಗೇವು:
ಮನೆ ಹುಡುಕೋಕೆ ಅವಸರ ಬೇಡ. 28 ದಿನದ ಮಾತ್ರೆ ಮುಗಿದು, ತೂಕ ಬಂದು, ರಕ್ತ ಸರಿಯಾದ ಮೇಲೆ ಸಂತಾನಹರಣ ಮಾಡಿಸಿಯೇ ಕೊಡಿ. ಲಸಿಕೆ ಕಾರ್ಡೂ ಜೊತೆಗಿರಲಿ. 'ತೋಟ ಕಾಯೋಕೆ ಬೇಕು' ಅನ್ನೋರಿಗೆ ಕೊಟ್ರೆ ಮತ್ತೆ ಸರಪಳಿಯೇ ಗತಿ. ಬಾಡಿಗೆ ಮನೆಯಾದ್ರೆ ಓನರ್ ಹತ್ರ ನೀವೇ ಮಾತಾಡಿ. ನಾಯಿ ತಪ್ಪಿಸಿಕೊಳ್ಳೋದು ಹೆಚ್ಚಾಗಿ ಮೊದಲ ಕೆಲವು ದಿನದಲ್ಲೇ, ಗೇಟು ತೆರೆದಾಗ; ಅದು ಹೊದ್ದ ಕಂಬಳಿಯನ್ನೂ ವಾರಕ್ಕಾಗುವಷ್ಟು ಅದೇ ಊಟವನ್ನೂ ಜೊತೆಗೆ ಕಳಿಸಿ. ಕೊರಳಿಗೆ ಇನ್ನು ಪಟ್ಟಿ ಬೇಡ, ಗಾಯದ ಕಲೆ ಮೇಲೆ ಚರ್ಮ ತೆಳ್ಳಗಿರುತ್ತೆ. ಎದೆಗೆ ಹಾಕೋ ಬೆಲ್ಟ್ ಕೊಡಿಸಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ.