ವಾರ್ಷಿಕೋತ್ಸವದ ಡಿಸ್ಕ್‌ಗಳು: ಶ್ರುತಿ ಏರಿದೆ, ತುಟಿ ಹೊಂದುತ್ತಿಲ್ಲ, ಕುಣಿತದಲ್ಲಿ ಗೆರೆ ಬರುತ್ತಿದೆ

ಗಾನಶಾಲೆ (ಪ್ರಶ್ನೆ)

ಹಾಲಿವುಡ್‌ನ ಹಳೆಯ ಸಂಗೀತಚಿತ್ರಗಳನ್ನು ಹಾಕಿ ಮಕ್ಕಳಿಗೆ ಹಾಡು ಕಲಿಸಬೇಕಿದೆ. ಮೂರು ಡಿಸ್ಕ್‌ಗಳಲ್ಲಿ ಮೂರು ಬಗೆಯ ತೊಂದರೆ. ತಿಳಿದವರು ದಯವಿಟ್ಟು ಹೇಳಿ.

ಮೊದಲನೆಯದು ‘ದಿ ಸೌಂಡ್ ಆಫ್ ಮ್ಯೂಸಿಕ್’ (1965). ಚಿತ್ರದ 40ನೇ ವರ್ಷಕ್ಕೆ ಹೊರತಂದ ಡಿವಿಡಿ ಬ್ರಿಟನ್ನಿನದು, 50ನೇ ವರ್ಷದ ಬ್ಲೂ-ರೇ ಅಮೆರಿಕದ್ದು. ಅದೇ ಹಾಡು ಡಿವಿಡಿಯಲ್ಲಿ ಏರು ಶ್ರುತಿಯಲ್ಲಿ ಕೇಳುತ್ತದೆ. ಕೀಬೋರ್ಡ್ ಹಿಡಿದು ನೋಡಿದರೆ ಬ್ಲೂ-ರೇ ಜೊತೆ ಕೂಡುತ್ತದೆ. ಡಿವಿಡಿ ಜೊತೆ ಆ ಶ್ರುತಿಮನೆಯಲ್ಲೂ ಕೂಡುವುದಿಲ್ಲ, ಅರ್ಧ ಮನೆ (ಒಂದು ಸ್ವರಸ್ಥಾನ) ಏರಿಸಿದರೂ ಕೂಡುವುದಿಲ್ಲ. ಮಕ್ಕಳ ಮನೆಯಲ್ಲಿ ಇರುವುದು ಡಿವಿಡಿ ಪ್ಲೇಯರ್ ಮಾತ್ರ, ಹಾಗಾಗಿ ಡಿವಿಡಿಯನ್ನು ಬಿಡುವಂತಿಲ್ಲ.

ಎರಡನೆಯದು ‘ಮೈ ಫೇರ್ ಲೇಡಿ’ (1964), 50ನೇ ವರ್ಷದ ಬ್ಲೂ-ರೇ. ಹಾಡು ಬಂದಾಗ ಆಡ್ರಿ ಹೆಪ್‌ಬರ್ನ್ ಅವರ ತುಟಿಗೂ ದನಿಗೂ ಹೊಂದಿಕೆಯಿಲ್ಲ. ಪ್ಲೇಯರ್‌ನಿಂದ ಟಿವಿಗೆ ಎಚ್‌ಡಿಎಂಐ ಹೋಗಿದೆ, ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಕೇಬಲ್.

ಮೂರನೆಯದು ‘ಓಕ್ಲಹಾಮ!’ (1955) ಬ್ಲೂ-ರೇ. ಕುಣಿತದ ದೃಶ್ಯಗಳಲ್ಲಿ ಲಂಗದ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಸೀಳಿಕೊಳ್ಳುತ್ತದೆ, ಜೊತೆಗೆ ಚಿತ್ರ ಕುಲುಕುತ್ತದೆ. ಡಿಸ್ಕ್‌ಗಳನ್ನು ಒರೆಸಿ ನೋಡಿದ್ದಾಗಿದೆ, ಗೀರು ಯಾವುದೂ ಇಲ್ಲ.

ತಂಬೂರಿ_ತಂತಿ

ಮೇಡಂ, ಡಿವಿಡಿ ಕೆಟ್ಟಿಲ್ಲ. ಅದು ಪಾಲ್ ಪದ್ಧತಿಯ (ಯುರೋಪಿನ ಹಳೆಯ ಟಿವಿ ಪದ್ಧತಿ) ಡಿಸ್ಕ್. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಪಾಲ್ ಓಡುವುದು 25. ಯುರೋಪಿನಲ್ಲಿ ಡಿವಿಡಿ ಮಾಡುವಾಗ ಸಾಮಾನ್ಯವಾಗಿ ಇಡೀ ಚಿತ್ರವನ್ನು 25ಕ್ಕೆ ಓಡಿಸಿಬಿಡುತ್ತಿದ್ದರು. ವೇಗ ಶೇಕಡಾ 4.17 ಹೆಚ್ಚುತ್ತದೆ, ಅದರ ಜೊತೆಗೆ ಶ್ರುತಿಯೂ ಏರುತ್ತದೆ.

ಎಷ್ಟು ಏರುತ್ತದೆ ಅನ್ನುವುದರಲ್ಲೇ ನಿಮ್ಮ ಕೀಬೋರ್ಡ್ ಪ್ರಶ್ನೆಗೆ ಉತ್ತರವಿದೆ. ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ 100 ಸೆಂಟ್ ದೂರ. 25/24ರ ಏರಿಕೆ ಸುಮಾರು 71 ಸೆಂಟ್. ಒಂದು ಮನೆ ಶ್ರುತಿ ಹಾಡು ಒಂದೂವರೆ ಮನೆಯ ಹೊಸ್ತಿಲವರೆಗೆ ಹೋಗಿ ಒಳಗೆ ಕಾಲಿಡದೆ ನಿಂತ ಹಾಗೆ. ಅದಕ್ಕೇ ಎರಡರಲ್ಲಿ ಯಾವುದಕ್ಕೂ ಕೂಡುತ್ತಿಲ್ಲ. 440 ಹರ್ಟ್ಸ್ ಇರಬೇಕಾದ ಸ್ವರ 458.3 ಹರ್ಟ್ಸ್‌ನಲ್ಲಿ ಕೇಳುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಈ ಚಿತ್ರದ ಅವಧಿ 174 ನಿಮಿಷ, ಪಾಲ್‌ನಲ್ಲಿ ಅದು 167ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಹಾಡನ್ನು ಎರಡೂ ಡಿಸ್ಕ್‌ನಲ್ಲಿ ಹಾಕಿ ಗಡಿಯಾರ ಹಿಡಿದರೂ ಸಾಕು: ಬ್ಲೂ-ರೇಯಲ್ಲಿ 5 ನಿಮಿಷ ಬರುವುದು ಡಿವಿಡಿಯಲ್ಲಿ 4 ನಿಮಿಷ 48 ಸೆಕೆಂಡ್ ಬಂದರೆ ಸಂಶಯ ಉಳಿಯುವುದಿಲ್ಲ.

ಡಿವಿಡಿಯನ್ನು ಹಾಗೇ ಹಾಕಿ ಜೊತೆಗೆ ನುಡಿಸುವುದಾದರೆ ಕೀಬೋರ್ಡನ್ನೇ ಏರಿಸಿ. ಟ್ಯೂನಿಂಗ್ ಮೆನುವಿನಲ್ಲಿ +71 ಸೆಂಟ್ ಕೊಡಿ. ಕೆಲವು ಕೀಬೋರ್ಡ್‌ಗಳು 50 ಸೆಂಟ್ ದಾಟಲು ಬಿಡುವುದಿಲ್ಲ. ಅಂಥದ್ದಾದರೆ ಟ್ರಾನ್ಸ್‌ಪೋಸ್ +1 ಇಟ್ಟು ಟ್ಯೂನಿಂಗ್ −29 ಮಾಡಿ, ಲೆಕ್ಕ ಅಲ್ಲಿಗೇ ಬರುತ್ತದೆ. ಹರ್ಟ್ಸ್‌ನಲ್ಲಿ ಕೇಳುವ ಮೆನುವಾದರೆ 458.3. ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ಸಣ್ಣ ಹೊಂದಾಣಿಕೆಯ ಗುಂಡಿ ಇರುತ್ತದೆ, ಅದನ್ನು ಕಿವಿಯಿಂದಲೇ ಕೂಡಿಸಬಹುದು.

ಆದರೆ ಮಕ್ಕಳಿಗೆ ಸರಿಯಾದ ಶ್ರುತಿಯನ್ನೇ ಕೇಳಿಸುವುದು ಮೇಲು. 71 ಸೆಂಟ್ ಮೇಲಿನ ದನಿ ಕಿವಿಯಲ್ಲಿ ಕೂತರೆ ವೇದಿಕೆಯ ಮೇಲೆ ಕೀಬೋರ್ಡ್ ಒಂದು ಕಡೆ, ಗುಂಪು ಒಂದು ಕಡೆ ಆಗುತ್ತದೆ. ನಮ್ಮ ಟಿವಿ ಪ್ರಸಾರವೂ ಪಾಲ್ ಪದ್ಧತಿಯದೇ ಆಗಿದ್ದರಿಂದ, ಈ ಹಾಡುಗಳನ್ನು ಟಿವಿಯಲ್ಲೇ ಕೇಳಿ ಕಲಿತ ದೊಡ್ಡವರ ನೆನಪಿನ ಶ್ರುತಿಯೂ ಮೇಲಿರಬಹುದು. ಅದನ್ನು ಪ್ರಮಾಣವಾಗಿ ಹಿಡಿಯಬೇಡಿ.

ಗಾನಶಾಲೆ

ಗಡಿಯಾರದ ಲೆಕ್ಕ ಸರಿಯಾಗಿ ಹಾಗೇ ಬಂತು ಸರ್. ಸರಿಯಾದ ಶ್ರುತಿಗೆ ಇಳಿಸುವುದು ಹೇಗೆ? ಆಡಾಸಿಟಿಯಲ್ಲಿ (ದನಿ ತಿದ್ದುವ ತಂತ್ರಾಂಶ) ಪಿಚ್, ಅಂದರೆ ಶ್ರುತಿ, ಇಳಿಸಿ ನೋಡಿದೆ. ಶ್ರುತಿ ಕೂಡಿತು, ಆದರೆ ಹಾಡು ಇನ್ನೂ ಅವಸರದಲ್ಲಿದೆ, ದನಿಯೂ ಸ್ವಲ್ಪ ಒಡೆದ ಹಾಗಿದೆ.

ತಂಬೂರಿ_ತಂತಿ

ಪಿಚ್ ಮಾತ್ರ ಇಳಿಸಿದರೆ ಹಾಗೇ ಆಗುವುದು. ವೇಗ ಮತ್ತು ಶ್ರುತಿ ಎರಡೂ ಒಟ್ಟಿಗೆ ಏರಿವೆ, ಒಟ್ಟಿಗೇ ಇಳಿಸಬೇಕು. ಎಫೆಕ್ಟ್ ಮೆನುವಿನಲ್ಲಿ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ ಅಂತ ಬೇರೆಯೇ ಇದೆ, ಹಳೆಯ ಆವೃತ್ತಿಗಳಲ್ಲಿ ಬರೀ ‘ಚೇಂಜ್ ಸ್ಪೀಡ್’. ಅದರಲ್ಲಿ ಮಲ್ಟಿಪ್ಲೈಯರ್ 0.960 ಕೊಡಿ. 24ನ್ನು 25ರಿಂದ ಭಾಗಿಸಿದರೆ ಬರುವುದು ಅದೇ. ಶೇಕಡಾವಾರು ಕೇಳುವ ಜಾಗದಲ್ಲಿ −4.000 ಆಗಬೇಕು, −4.17 ಅಲ್ಲ. ಏರುವಾಗಿನ ಶೇಕಡಾ ಬೇರೆ, ಇಳಿಯುವಾಗಿನದು ಬೇರೆ, ಬಹಳ ಜನ ಎಡವುವುದು ಇಲ್ಲೇ.

‘ಚೇಂಜ್ ಪಿಚ್’, ‘ಚೇಂಜ್ ಟೆಂಪೊ’ ಎರಡೂ ದನಿಯನ್ನು ಚೂರು ಚೂರು ಮಾಡಿ ಮತ್ತೆ ಹೊಲಿಯುತ್ತವೆ. ಒಡೆದ ಹಾಗೆ ಕೇಳುವುದು ಆ ಹೊಲಿಗೆ. ಸ್ಪೀಡ್ ಬದಲಿಸಿದರೆ ಹೊಲಿಗೆಯೇ ಬೇಡ, ದನಿ ಸ್ವಚ್ಛವಾಗಿ ಉಳಿಯುತ್ತದೆ.

ಕಂಪ್ಯೂಟರಿನಲ್ಲಿ ಚಿತ್ರದ ಸಮೇತ ಹಾಕುವುದಾದರೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತಂತ್ರಾಂಶದ ಪ್ರಿಫರೆನ್ಸಸ್‌ನಲ್ಲಿ ಎಲ್ಲ ಆಯ್ಕೆಗಳನ್ನೂ ತೆರೆದು, ಆಡಿಯೊ ವಿಭಾಗದಲ್ಲಿ ‘ಟೈಮ್ ಸ್ಟ್ರೆಚಿಂಗ್’ ಗುರುತು ತೆಗೆದು, ಪ್ಲೇಬ್ಯಾಕ್ ಸ್ಪೀಡ್ 0.96 ಮಾಡಿ. ಆ ಗುರುತು ಇದ್ದರೆ ವೇಗ ಇಳಿದರೂ ಶ್ರುತಿ ಮೇಲೆಯೇ ಉಳಿಯುತ್ತದೆ.

ಒಂದು ಎಚ್ಚರ. ಕೆಲವು ಪಾಲ್ ಡಿಸ್ಕ್‌ಗಳಲ್ಲಿ ತಯಾರಿಸುವಾಗಲೇ ಶ್ರುತಿಯನ್ನು ಇಳಿಸಿರುತ್ತಾರೆ. ಅವಧಿ ಕಡಿಮೆ, ಶ್ರುತಿ ಸರಿ. ಅಂಥದ್ದಕ್ಕೆ ಟೆಂಪೊ ಮಾತ್ರ ಬದಲಿಸಬೇಕು. ನಿಮ್ಮದು ಆ ಜಾತಿಯದಲ್ಲ.

ಬ್ಲೂ-ರೇ ಕೂಡ 24ಕ್ಕೆ ಬದಲು 23.976ರಲ್ಲಿ ಓಡುವುದುಂಟು. ಆ ವ್ಯತ್ಯಾಸ ಎರಡು ಸೆಂಟಿಗೂ ಕಡಿಮೆ. ಮರೆತುಬಿಡಿ.

ಪರದೆಮನೆ

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಈ ಚಿತ್ರದಲ್ಲಿ ಹೆಪ್‌ಬರ್ನ್ ಹಾಡಿದಂತೆ ಕಾಣುವ ಹಾಡುಗಳಲ್ಲಿ ಬಹುಪಾಲು ಮಾರ್ನಿ ನಿಕ್ಸನ್ ಅವರ ಕಂಠ. ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನ್ಯಾಟಲಿ ವುಡ್ ಅವರಿಗೂ ಅವರದೇ ಹಿನ್ನೆಲೆ ಗಾಯನ. ಹಿನ್ನೆಲೆ ದನಿಗೆ ತುಟಿ ಕೂಡಿಸುವಾಗ ಕೂದಲೆಳೆ ಹಿಂದೆ ಮುಂದೆ ಆಗುವುದು ಚಿತ್ರದಲ್ಲೇ ಉಳಿದಿರುತ್ತದೆ. ಹಾಗಾಗಿ ಹೆಪ್‌ಬರ್ನ್ ಹಾಡು ನೋಡಿ ಲಿಪ್ ಸಿಂಕ್ ಸರಿಮಾಡಲು ಹೊರಟರೆ ಕೊನೆಯೇ ಇಲ್ಲ.

ಅದೇ ಡಿಸ್ಕ್‌ನಲ್ಲಿ ಒಳ್ಳೆಯ ಅಳತೆಗೋಲೊಂದು ಇದೆ: ನಾಯಕ ನಟ ರೆಕ್ಸ್ ಹ್ಯಾರಿಸನ್. ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲು ಅವರು ಒಪ್ಪಲಿಲ್ಲ. ಟೈ ಒಳಗೆ ವೈರ್‌ಲೆಸ್ ಮೈಕ್ ಅಡಗಿಸಿ, ಕ್ಯಾಮೆರಾ ಓಡುತ್ತಿರುವಾಗಲೇ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ತುಟಿ, ದನಿ ಒಂದೇ ಕ್ಷಣದ್ದು. ಆರಂಭದಲ್ಲಿ ಕೋವೆಂಟ್ ಗಾರ್ಡನ್ ಮಾರುಕಟ್ಟೆಯ ಹತ್ತಿರ ಅವರು ಮಾತು-ಹಾಡು ಬೆರೆಸಿ ಹೇಳುವ ಭಾಗ ಹಾಕಿ. ನೋಡಬೇಕಾದ್ದು ಪ, ಬ, ಮ ಅಕ್ಷರಗಳನ್ನು. ತುಟಿ ಮುಚ್ಚದೆ ಇವು ಹೊರಡುವುದಿಲ್ಲ. ತುಟಿ ಇನ್ನೂ ತೆರೆದಿರುವಾಗಲೇ ‘ಪ’ ಕೇಳಿದರೆ ದನಿ ಮುಂದೆ ಓಡುತ್ತಿದೆ. ತುಟಿ ಮುಚ್ಚಿ ತೆರೆದು ಆದಮೇಲೆ ಕೇಳಿದರೆ ದನಿ ಹಿಂದೆ ಬಿದ್ದಿದೆ.

ನಿಮ್ಮ ಜೋಡಣೆಯಲ್ಲಿ ದನಿ ಮುಂದೆ ಓಡುತ್ತಿರುವ ಸಂಭವವೇ ಹೆಚ್ಚು. ಟಿವಿ ಚಿತ್ರವನ್ನು ತಿದ್ದಿ ತೋರಿಸಲು ಸಮಯ ತೆಗೆದುಕೊಳ್ಳುತ್ತದೆ, ಆಪ್ಟಿಕಲ್‌ನಲ್ಲಿ ಹೋದ ದನಿ ಯಾರಿಗೂ ಕಾಯದೆ ಹೊರಡುತ್ತದೆ. ಟಿವಿ ಎಷ್ಟು ತಡ ಮಾಡುತ್ತಿದೆ ಅಂತ ಆಂಪ್ಲಿಫೈಯರ್‌ಗೆ ತಿಳಿಸುವ ದಾರಿ ಎಚ್‌ಡಿಎಂಐಯಲ್ಲಿ ಇದೆ, ಆಪ್ಟಿಕಲ್‌ನಲ್ಲಿ ಇಲ್ಲ.

ಮೊದಲು ಟಿವಿಯಲ್ಲಿ ಚಲನೆ ನುಣುಪು ಮಾಡುವ ಆಯ್ಕೆಯನ್ನು ಪೂರ್ತಿ ಆಫ್ ಮಾಡಿ. ಮೂರನೆಯ ಡಿಸ್ಕ್‌ಗೂ ಇದು ಬೇಕು. ಆಮೇಲೆ ಆಂಪ್ಲಿಫೈಯರ್‌ನ ಆಡಿಯೊ ಡಿಲೇ 40 ಮಿಲಿಸೆಕೆಂಡ್ ಮಾಡಿ ಹ್ಯಾರಿಸನ್ ಭಾಗ ನೋಡಿ. ಸಾಲದಿದ್ದರೆ 80, ಮತ್ತೂ ಸಾಲದಿದ್ದರೆ 120. 24 ಫ್ರೇಮ್ ಚಿತ್ರದಲ್ಲಿ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಅದಕ್ಕಿಂತ ಸಣ್ಣ ಹೆಜ್ಜೆಯಿಂದ ಶುರುಮಾಡಿದರೆ ಬದಲಾವಣೆ ಕಣ್ಣಿಗೆ ಬೀಳುವುದು ಕಷ್ಟ. ಹತ್ತಿರ ಬಂದಮೇಲೆ 10ರ ಹೆಜ್ಜೆಯಲ್ಲಿ ತಿದ್ದಿ.

ದನಿಯೇ ಹಿಂದೆ ಬಿದ್ದಿದ್ದರೆ ಡಿಲೇಯಿಂದ ಪ್ರಯೋಜನವಿಲ್ಲ, ಅದು ದನಿಯನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ. ನಡುವೆ ಬ್ಲೂಟೂತ್ ಇದೆಯೇ, ಸ್ಪೀಕರಿನಲ್ಲಿ ಸರೌಂಡ್ ಎಫೆಕ್ಟ್ ಆನ್ ಇದೆಯೇ ನೋಡಿ ತೆಗೆಯಬೇಕು.

ಗಾನಶಾಲೆ

‘ಪ’ ಬೇಗ ಕೇಳುತ್ತಿತ್ತು. 90ಕ್ಕೆ ಇಟ್ಟಾಗ ಹ್ಯಾರಿಸನ್ ಪೂರ್ತಿ ಕೂಡಿದರು. ಹೆಪ್‌ಬರ್ನ್ ಹಾಡಿನಲ್ಲಿ ಇನ್ನೂ ಅಲ್ಲಲ್ಲಿ ಜಾರುತ್ತದೆ.

ಪರದೆಮನೆ

ಅಷ್ಟಕ್ಕೇ ಬಿಡಿ. ಉಳಿದದ್ದು 1964ರದು.

ರೀಲುಸುತ್ತ

ಮೂರನೆಯದಕ್ಕೆ ಎರಡು ಪ್ರಶ್ನೆ. ಮೆನುವಿನಲ್ಲಿ ಆರಿಸಿದ್ದು ಟಾಡ್-ಎಒ ಆವೃತ್ತಿಯೋ ಸಿನಿಮಾಸ್ಕೋಪ್ ಆವೃತ್ತಿಯೋ? ಪ್ಲೇಯರ್ ಔಟ್‌ಪುಟ್ ಏನಿದೆ?

ಗಾನಶಾಲೆ

ಟಾಡ್-ಎಒ. ಔಟ್‌ಪುಟ್ ‘1080ಪಿ/24 ಯಾವಾಗಲೂ’ ಅಂತ ಇಟ್ಟಿದೆ. ಡಿಸ್ಕ್ ಮಾಹಿತಿಯಲ್ಲಿ 1080ಐ ಅಂತ ಬರುತ್ತದೆ.

ರೀಲುಸುತ್ತ

ತಪ್ಪು ಆ ‘ಯಾವಾಗಲೂ’ದಲ್ಲಿದೆ. ಈ ಚಿತ್ರವನ್ನು ಎರಡು ಪದ್ಧತಿಯಲ್ಲಿ ಚಿತ್ರೀಕರಿಸಿದರು. 35 ಮಿ.ಮೀ. ಸಿನಿಮಾಸ್ಕೋಪ್ ಸೆಕೆಂಡಿಗೆ 24 ಫ್ರೇಮ್, 65 ಮಿ.ಮೀ. ಟಾಡ್-ಎಒ ಸೆಕೆಂಡಿಗೆ 30. ಎರಡರಲ್ಲೂ ಎಷ್ಟೋ ಕಡೆ ಟೇಕ್‌ಗಳೇ ಬೇರೆ. ನಟರ ಕೈಚಲನೆ, ಹಾಡಿನ ನಡುವಿನ ನೋಟ ಒಂದೇ ಇರುವುದಿಲ್ಲ, ಆದ್ದರಿಂದ ಎರಡನ್ನೂ ನೋಡಿ.

ಬ್ಲೂ-ರೇ ನಿಯಮದಲ್ಲಿ 1080ಪಿಗೆ (ಫ್ರೇಮನ್ನು ಸೀಳದೆ ಇಡಿಯಾಗಿ ಕಳಿಸುವ ಬಗೆ) 24 ಮತ್ತು 23.976 ಇವೆ, 30 ಇಲ್ಲ. ಹಾಗಾಗಿ 30ರ ಚಿತ್ರವನ್ನು 1080ಐ ಒಳಗೆ ಇಡಬೇಕು: ಪ್ರತಿ ಫ್ರೇಮನ್ನೂ ಬೆಸ ಗೆರೆ, ಸರಿ ಗೆರೆ ಅಂತ ಎರಡು ಫೀಲ್ಡ್‌ಗಳಾಗಿ ಸೀಳಿ ಸೆಕೆಂಡಿಗೆ 60 ಫೀಲ್ಡ್ ಕಳಿಸುವುದು. ನಿಮ್ಮ ಪ್ಲೇಯರ್ ಅದನ್ನು ಬಲವಂತವಾಗಿ 24ಕ್ಕೆ ತಂದಾಗ ಪ್ರತಿ ಐದು ಫ್ರೇಮಿಗೆ ಒಂದನ್ನು ಎಸೆಯುತ್ತದೆ, ಅಂದರೆ ಸೆಕೆಂಡಿಗೆ ಆರು ಕುಲುಕು. ಬಾಚಣಿಗೆ ಹಲ್ಲು ಬರುವುದು ಬೇರೆ ಬೇರೆ ಫ್ರೇಮಿನ ಫೀಲ್ಡ್‌ಗಳನ್ನು ಜೋಡಿಸಿದಾಗ. ಲಂಗದ ಅಂಚು ಒಂದು ಫೀಲ್ಡ್‌ನಲ್ಲಿ ಇಲ್ಲಿದ್ದರೆ ಇನ್ನೊಂದರಲ್ಲಿ ಅಷ್ಟು ದೂರ ಸರಿದಿರುತ್ತದೆ, ಎರಡನ್ನೂ ಹೆಣೆದರೆ ಹಲ್ಲು ಮೂಡುತ್ತದೆ. ನಿಂತ ದೃಶ್ಯದಲ್ಲಿ ಏನೂ ಕಾಣದೆ ಕುಣಿತದಲ್ಲಿ ಮಾತ್ರ ಕಾಣುವುದಕ್ಕೆ ಇದೇ ಕಾರಣ.

24ಪಿ ಆಯ್ಕೆಯನ್ನು ‘ಆಟೊ’ ಮಾಡಿ, ರೆಸಲ್ಯೂಷನ್ 1080ಪಿ ಇರಲಿ. ಡಿ-ಇಂಟರ್‌ಲೇಸ್ (ಫೀಲ್ಡ್‌ಗಳನ್ನು ಮತ್ತೆ ಫ್ರೇಮ್ ಮಾಡುವ) ಆಯ್ಕೆ ಇದ್ದರೆ ‘ವಿಡಿಯೊ’ ಬೇಡ, ‘ಆಟೊ’ ಅಥವಾ ‘ಫಿಲ್ಮ್’ ಇಡಿ. ಆಗಲೂ ಹಲ್ಲು ಉಳಿದರೆ ಔಟ್‌ಪುಟ್ಟನ್ನೇ 1080ಐ ಮಾಡಿ ಹೆಣೆಯುವ ಕೆಲಸವನ್ನು ಟಿವಿಗೆ ಬಿಡಿ. ಎಷ್ಟೋ ಸಲ ಟಿವಿ ಅದನ್ನು ಪ್ಲೇಯರಿಗಿಂತ ಚೆನ್ನಾಗಿ ಮಾಡುತ್ತದೆ. ಕಂಪ್ಯೂಟರಿನಲ್ಲಾದರೆ ವಿಎಲ್‌ಸಿಯ ಡಿ-ಇಂಟರ್‌ಲೇಸ್ ‘ಆಫ್’. ಎರಡೂ ಫೀಲ್ಡ್ ಒಂದೇ ಫ್ರೇಮಿನವಾದ್ದರಿಂದ ಹೆಣೆದರೆ ಸಾಕು, ಲೆಕ್ಕಾಚಾರ ಬೇಡ.

ಡಿಸ್ಕ್‌ಗೂಡು

ಇವೇ ಚಿತ್ರಗಳ ಬಗ್ಗೆ ದೋಷವಲ್ಲದ್ದನ್ನು ದೋಷ ಅಂತ ತಿಳಿದು ಡಿಸ್ಕ್ ವಾಪಸ್ ಕಳಿಸುವವರು ಬಹಳ. ‘ವೆಸ್ಟ್ ಸೈಡ್ ಸ್ಟೋರಿ’ (1961) ಶುರುವಾಗುವಾಗ ನಾಲ್ಕು ನಿಮಿಷಕ್ಕೂ ಮೀರಿ ಬಣ್ಣ ಬದಲಿಸುವ ಹಿನ್ನೆಲೆ ಮೇಲೆ ನೆಟ್ಟ ಗೆರೆಗಳಷ್ಟೇ ಇರುತ್ತವೆ. ಅದು ಓವರ್ಚರ್ (ಚಿತ್ರಕ್ಕೆ ಮೊದಲು ಬರುವ ವಾದ್ಯಸಂಗೀತ), ಪ್ಲೇಯರ್ ನಿಂತುಹೋಗಿಲ್ಲ. ಆ ಗೆರೆಗಳು ಕೊನೆಗೆ ಮ್ಯಾನ್‌ಹ್ಯಾಟನ್ನಿನ ಕಟ್ಟಡಗಳ ಸಾಲಾಗುತ್ತವೆ. ಆದರೆ 2011ರ 50ನೇ ವರ್ಷದ ಬ್ಲೂ-ರೇಯಲ್ಲಿ ಈ ಬೆಸುಗೆಯ ಜಾಗದಲ್ಲೇ ಪರದೆ ಕಪ್ಪಾಗಿ ಮತ್ತೆ ಬೆಳಗುತ್ತದೆ. ಅದು ಡಿಸ್ಕ್‌ನ ನಿಜವಾದ ತಪ್ಪು, ಸೆಟ್ಟಿಂಗ್‌ನಿಂದ ಹೋಗುವುದಿಲ್ಲ.

‘ದಿ ವಿಝರ್ಡ್ ಆಫ್ ಆಝ್’ (1939)ನಲ್ಲಿ ಕ್ಯಾನ್ಸಸ್ ಭಾಗ ಕಂದು ಬಣ್ಣದಲ್ಲಿ ಬರುವುದು ಸರಿಯೇ. ಟಿವಿಯಲ್ಲಿ ಅದನ್ನು ಬರೀ ಕಪ್ಪು-ಬಿಳುಪಾಗಿ ತೋರಿಸುತ್ತಿದ್ದರು, 1989ರ 50ನೇ ವರ್ಷದ ವಿಎಚ್‌ಎಸ್ ಟೇಪಿನಲ್ಲಿ ಕಂದನ್ನು ಮರಳಿ ತಂದರು. ಚಿತ್ರದ ಆಕಾರ 1.37:1, ಆದ್ದರಿಂದ 1080ಪಿಯಲ್ಲಿ ಎಡಬಲಕ್ಕೆ ತಲಾ 220 ಪಿಕ್ಸೆಲ್ ಕಪ್ಪು ಇರಲೇಬೇಕು. ಇಲ್ಲದಿದ್ದರೆ ಟಿವಿ ಚಿತ್ರವನ್ನು ಎಳೆದಿದೆ ಅಥವಾ ಕತ್ತರಿಸಿದೆ. ಕುಣಿತದ ಚಿತ್ರಗಳಲ್ಲಿ ಕತ್ತರಿಸಿದರೆ ಹೋಗುವುದು ಪಾದ.

ಹೊಸದು ಕೊಳ್ಳುವವರಿಗೆ ಒಂದು ಮಾತು. ಬ್ಲೂ-ರೇಗೆ ಅಮೆರಿಕ ಎ ವಲಯ, ಯುರೋಪ್ ಬಿ, ಭಾರತ ಸಿ; ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಿರಬಹುದು. 4ಕೆ ಡಿಸ್ಕ್‌ಗೆ ವಲಯದ ಬೀಗವಿಲ್ಲ. ಆದರೆ ಅದೇ ಪೆಟ್ಟಿಗೆಯೊಳಗಿನ ಬ್ಲೂ-ರೇಗೆ ಇರಬಹುದು, ಹೆಚ್ಚುವರಿ ದೃಶ್ಯಗಳು ಎಷ್ಟೋ ಸಲ ಇರುವುದು ಅದರಲ್ಲೇ. ಪೆಟ್ಟಿಗೆಯ ಬೆನ್ನಿನ ಮೇಲೆ ಅಕ್ಷರ ನೋಡಿ ಹಣ ಕೊಡಿ.

ಗಾನಶಾಲೆ

‘ಆಟೊ’ ಮಾಡಿದಾಗ ಕುಲುಕು ಹೋಯಿತು, 1080ಐ ಕೊಟ್ಟಾಗ ಹಲ್ಲೂ ಹೋಯಿತು. ಹಾಡುಗಳನ್ನು 0.960ಕ್ಕೆ ಇಳಿಸಿ ಕೀಬೋರ್ಡ್ ಜೊತೆ ನೋಡಿದೆ, ಕೂಡುತ್ತಿದೆ. ಮಕ್ಕಳಿಗೆ ಕಳಿಸಲು ಎಂಪಿ3 ಮಾಡಿದರೆ ಶ್ರುತಿ ಬದಲಾಗುತ್ತದೆಯೇ?

ತಂಬೂರಿ_ತಂತಿ

ಇಲ್ಲ ಮೇಡಂ. ಆಡಾಸಿಟಿಯಲ್ಲಿ ಪ್ರಾಜೆಕ್ಟ್ ರೇಟ್ 48000 ಇಟ್ಟು 192 ಕೆಬಿಪಿಎಸ್‌ನಲ್ಲಿ ಉಳಿಸಿ. ಫೈಲ್ ಹೆಸರಿನಲ್ಲೇ ‘ಶ್ರುತಿ ಸರಿಪಡಿಸಿದ್ದು’ ಅಂತ ಬರೆಯಿರಿ, ಇಲ್ಲದಿದ್ದರೆ ಇನ್ನೊಬ್ಬರು ಅದನ್ನು ಮತ್ತೊಮ್ಮೆ 0.960ಕ್ಕೆ ಇಳಿಸಿಬಿಡುತ್ತಾರೆ.