ಮನೆ ಮಾರೋ ಮುಂಚೆ ಬೆಲೆ ತಿಳಿಯೋದು ಹೇಗೆ? ವ್ಯಾಲ್ಯುಯರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ನಮ್ಮ ಗುಂಪಿನ ವ್ಯಾಲ್ಯುಯರ್ (ಮನೆ-ಜಾಗಕ್ಕೆ ಬೆಲೆ ಕಟ್ಟೋರು) ಮೇಡಂ ಉತ್ತರ ಕೊಡ್ತಾರೆ. ಮನೆ ಮಾರಬೇಕು ಅಂತಿರೋರು ಇಲ್ಲೇ ಕೇಳಿ. ಫೋನ್ ನಂಬರ್, ವಿಳಾಸ ಹಾಕಬೇಡಿ.

ಎರಡನೇ ಮಹಡಿ: ಮೇಡಂ ನಮಸ್ತೆ. ಆನ್‌ಲೈನ್ ಜಾಹೀರಾತಲ್ಲಿ ನಮ್ಮಂಥದೇ ಮನೆಗಳ ರೇಟು ನೋಡಿ ಸರಾಸರಿ ತೆಗೆದಿದ್ದೀನಿ. ಅದನ್ನೇ ನಮ್ಮ ಮನೆ ಬೆಲೆ ಅನ್ಕೊಬಹುದಾ?

ವ್ಯಾಲ್ಯುಯರ್: ನಮಸ್ತೆ. ಬೇಡ. ಜಾಹೀರಾತಲ್ಲಿರೋದು ಮಾರೋರ ಆಸೆ. ನಿಮಗೆ ಬೇಕಾಗಿರೋದು ಮಾರಾಟ ಮುಗಿದ ಮನೆಗಳ ದರ. ಅಕ್ಕಪಕ್ಕದಲ್ಲಿ ಕಳೆದ ಆರೇಳು ತಿಂಗಳಲ್ಲಿ ಕೈಬದಲಾದ ಮೂರ್ನಾಲ್ಕು ಮನೆ ಹುಡುಕಿ. ಆಮೇಲೆ ಒಂದೊಂದನ್ನೂ ನಿಮ್ಮ ಮನೆ ಜೊತೆ ಹೋಲಿಸಿ: ಅಳತೆ, ವಯಸ್ಸು, ರಸ್ತೆ ಅಗಲ, ಗಾಡಿ ನಿಲ್ಲಿಸೋ ಜಾಗ. ಅವರ ಮನೆ ನಿಮ್ಮದಕ್ಕಿಂತ ಚೆನ್ನಾಗಿದ್ರೆ ಅವರ ದರದಿಂದ ಕಳೀಬೇಕು, ಕಡಿಮೆ ಇದ್ರೆ ಕೂಡಬೇಕು. ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ.

ಲೆಕ್ಕದವ: ಕ್ರಯಪತ್ರದಲ್ಲಿ ನಿಜವಾದ ಮೊತ್ತ ಯಾರು ಬರೀತಾರೆ ಮೇಡಂ?

ವ್ಯಾಲ್ಯುಯರ್: ಅದಕ್ಕೇ ಒಂದಲ್ಲ, ಮೂರ್ನಾಲ್ಕು ಅಂದಿದ್ದು. ಕೊಂಡೋರನ್ನೂ ಕೇಳಿ. ಮಾರಿದೋರು ಉಬ್ಬಿಸಿ ಹೇಳ್ತಾರೆ, ಕೊಂಡೋರು ಬೈಕೊಂಡಾದ್ರೂ ನಿಜ ಹೇಳ್ತಾರೆ.

ಹೊಸ ಅಡುಗೆಮನೆ: ಹೋದ ವರ್ಷ ಅಡುಗೆಮನೆ ಪೂರ್ತಿ ಹೊಸದು ಮಾಡಿಸಿದ್ವಿ. ಆ ಖರ್ಚನ್ನ ಬೆಲೆಗೆ ಸೇರಿಸಬಹುದಲ್ವಾ?

ವ್ಯಾಲ್ಯುಯರ್: ಇಲ್ಲ. ನೀವು ಖರ್ಚು ಮಾಡಿದಷ್ಟನ್ನೇ ಕೊಳ್ಳೋರು ಕೊಡ್ತಾರೆ ಅಂತೇನಿಲ್ಲ. ಬೇಗ ಮಾರಾಟ ಆಗಬಹುದು, ಬೆಲೆ ಸ್ವಲ್ಪ ಏರಲೂಬಹುದು, ಅಷ್ಟೇ. ಸೋರೋ ಛಾವಣಿ ಇದ್ರೆ ಅದನ್ನ ಸರಿಮಾಡ್ಸಿ, ಅದು ಲೆಕ್ಕಕ್ಕೆ ಬರುತ್ತೆ.

ಹಿತ್ತಿಲ ಬಾವಿ: ಮೇಡಂ, ಸ್ವಲ್ಪ ಉದ್ದ ಇದೆ, ಕ್ಷಮಿಸಿ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ. ಮನೆಗೆ 30 ವರ್ಷ. ಮೇಲ್ಮನೆ ಬಾಡಿಗೆಯವರೇ ಕೊಳ್ತೀವಿ ಅಂತಿದ್ದಾರೆ. ಪಕ್ಕದ ಬೀದಿಯಲ್ಲಿ ಅಷ್ಟೇ ಅಳತೆ ಜಾಗದ ಹೊಸ ಮನೆ 100ಕ್ಕೆ ಹೋಗಿದೆ ಅಂತಿಟ್ಕೊಳ್ಳಿ (ನಿಜವಾದ ಮೊತ್ತ ಇಲ್ಲಿ ಹಾಕಲ್ಲ). "ನಿಮ್ಮದು ಹಳೇದು, ಸವಕಳಿ 45 ಕಳೆದ್ರೆ 55" ಅಂತ ಅವರು ಕರ್ಕೊಂಡು ಬಂದ ಇಂಜಿನಿಯರ್ ಸಹಿ ಹಾಕಿ ಕಾಗದ ಕೊಟ್ಟಿದ್ದಾರೆ. ಈ ವಾರವೇ ಮುಂಗಡ ತಗೊಳ್ಳಿ ಅಂತಾರೆ. ಚಿಕ್ಕಪ್ಪನೂ ಲೆಕ್ಕ ಸರಿಯಾಗಿದೆ ಅಂತಾರೆ.

ವ್ಯಾಲ್ಯುಯರ್: ದಯವಿಟ್ಟು ಈ ವಾರ ಏನೂ ತಗೋಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿ, ಅಮ್ಮನಿಗೂ ಓದಿ ಹೇಳಿ.

45 ಅನ್ನೋ ಸಂಖ್ಯೆ ತಪ್ಪಲ್ಲ, ಅದಕ್ಕೇ ಆ ಕಾಗದ ನಂಬೋ ಹಾಗಿದೆ. ಕಾಂಕ್ರೀಟ್ ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯೋ ಗುಜರಿ ಬೆಲೆ ಶೇ 10 ಅಂತ ಹಿಡಿದ್ರೆ, 60 ವರ್ಷದಲ್ಲಿ ಶೇ 90 ಸವೀಬೇಕು. 30 ವರ್ಷಕ್ಕೆ ಶೇ 45. ಅಲ್ಲಿವರೆಗೂ ಸರಿ. ಮೋಸ ಇರೋದು ಅದನ್ನ ಯಾವುದರಿಂದ ಕಳೆದ್ರು ಅನ್ನೋದ್ರಲ್ಲಿ. ಸವೆಯೋದು ಕಟ್ಟಡ, ಜಾಗ ಸವೆಯಲ್ಲ. ಆ 100ರಲ್ಲಿ ಜಾಗಕ್ಕೆ 70, ಕಟ್ಟಡಕ್ಕೆ 30 ಅಂತಿಟ್ಕೊಳ್ಳಿ. 30ರಲ್ಲಿ ಶೇ 45 ಅಂದ್ರೆ 13.5. ನಿಮ್ಮ ಮನೆ 86.5 ಆಯ್ತು. ಇನ್ನೂ ಒಂದು ಹೆಜ್ಜೆ ಹೋಗಿ: ಕಟ್ಟಡ ಸೊನ್ನೆ, ಕೆಡವೋದೇ ಅನ್ನಿ. ಕೆಡವೋ ಖರ್ಚು ಸ್ವಲ್ಪ ಕಳೆದ್ರೂ ಬರೀ ಜಾಗಕ್ಕೇ 70ರ ಹತ್ತಿರ ಬರುತ್ತೆ. ಅವರು ಕೊಡ್ತೀವಿ ಅಂತಿರೋದು ಖಾಲಿ ಜಾಗದ ಬೆಲೆಗಿಂತ ಕಡಿಮೆ.

70–30 ನಾನು ಹಿಡಿದಿರೋದು, ನಿಮ್ಮ ಕಡೆ ಬೇರೆ ಇರಬಹುದು. ಅದಕ್ಕೆ ಅದೇ ಸುತ್ತಿನಲ್ಲಿ ಮಾರಾಟವಾದ ಒಂದು ಖಾಲಿ ಜಾಗದ ದರ ಹುಡುಕಿ. ಜಾಗದ ಅಗಲ ಉದ್ದ ಪತ್ರದಲ್ಲಿ ನೋಡಿ, ಟೇಪ್ ಹಿಡಿದೂ ಅಳೀರಿ. ಆಮೇಲೆ ನೀವೇ ದುಡ್ಡು ಕೊಟ್ಟು ಬೇರೆ ವ್ಯಾಲ್ಯುಯರ್‌ನ ಕರೆಸಿ. ಕೊಳ್ಳೋರು ಕರ್ಕೊಂಡು ಬಂದ ಇಂಜಿನಿಯರ್ ಯಾರ ಇಂಜಿನಿಯರ್ ಅಂತ ಚಿಕ್ಕಪ್ಪನಿಗೆ ನಾನು ಹೇಳಬೇಕಾ? ಬಂದವರಿಗೆ ಆ ಕಾಗದ ತೋರಿಸಬೇಡಿ, 55 ಅನ್ನೋ ಮಾತೂ ಎತ್ತಬೇಡಿ. ಯಾಕಂದ್ರೆ ಕಿವಿಗೆ ಬಿದ್ದ ಬೆಲೆ ಅಂದಾಜನ್ನ ಎಳೆಯುತ್ತೆ. 1987ರ ಒಂದು ಅಧ್ಯಯನದಲ್ಲಿ ನಾರ್ತ್‌ಕ್ರಾಫ್ಟ್, ನೀಲ್ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ ಟೂಸಾನ್‌ನಲ್ಲಿ ಪಳಗಿದ ಏಜೆಂಟರಿಗೆ ಒಂದೇ ಮನೆ ತೋರಿಸಿ, ಮಾರೋರು ಕೇಳಿದ ಬೆಲೆ ಮಾತ್ರ ಬೇರೆ ಬೇರೆ ಹೇಳಿದ್ರು. ಏಜೆಂಟರ ಅಂದಾಜು ಆ ಬೆಲೆ ಹಿಂದೆಯೇ ಹೋಯ್ತು, ನಾವು ಅದನ್ನ ಲೆಕ್ಕಕ್ಕೇ ಇಟ್ಕೊಂಡಿಲ್ಲ ಅಂದೋರೇ ಜಾಸ್ತಿ.

ಶುಭೋದಯ ಬಳಗ: ಎಲ್ಲರಿಗೂ ಉಪಯುಕ್ತ ಮಾಹಿತಿ 🙏 ತಿಂಗಳ ಬಾಡಿಗೆ × 240 = ನಿಮ್ಮ ಮನೆಯ ನಿಜವಾದ ಬೆಲೆ. ಯಾವ ವ್ಯಾಲ್ಯುಯರ್‌ಗೂ ದುಡ್ಡು ಕೊಡಬೇಡಿ! ತಪ್ಪದೆ ಹತ್ತು ಜನಕ್ಕೆ ಕಳಿಸಿ.

ವ್ಯಾಲ್ಯುಯರ್: 240 ಎಲ್ಲಿಂದ ಬಂತು? ಬಾಡಿಗೆಯಿಂದ ಬೆಲೆ ಕಟ್ಟೋ ಪದ್ಧತಿ ಇದೆ, ಆದ್ರೆ ಗುಣಕ ನಿಮ್ಮದೇ ಪ್ರದೇಶದಲ್ಲಿ ಮಾರಾಟವಾದ, ಬಾಡಿಗೆಗೂ ಇರೋ ಮನೆಗಳಿಂದ ಬರಬೇಕು. ಎಲ್ಲ ಊರಿಗೂ ಒಂದೇ ಚಪ್ಪಲಿ ಹೊಲಿಯೋಕಾಗಲ್ಲ. ಬಾಡಿಗೆ ಏರಿಸದೆ ಹಳೇ ಬಾಡಿಗೆದಾರರನ್ನ ಇಟ್ಕೊಂಡಿರೋ ಮನೆ ಈ ಸೂತ್ರದಲ್ಲಿ ಪುಕ್ಕಟೆ ಹೋಗುತ್ತೆ. ಹಿತ್ತಿಲ ಬಾವಿಯವರ ಅಮ್ಮನ ಮನೆಯಲ್ಲೂ ಬಾಡಿಗೆ ಹಳೇದೇ ಇದ್ರೆ ಅದೇ ಗತಿ.

ಎರಡನೇ ಮಹಡಿ: ಮೊಬೈಲ್ ಆಪ್‌ಗಳು ಬೆಲೆ ತೋರಿಸ್ತಾವಲ್ಲ ಸರ್, ಅದು?

ವ್ಯಾಲ್ಯುಯರ್: ಸರ್ ಅಲ್ಲ. ಆಪ್ ನಿಮ್ಮ ಮನೆ ಒಳಗೆ ಬಂದು ನೋಡಿರಲ್ಲ. ಆನ್‌ಲೈನಲ್ಲಿ ಮನೆ ಬೆಲೆ ತೋರಿಸೋ ಅಮೆರಿಕದ ಝಿಲೋ ಕಂಪನಿ ತನ್ನ ಲೆಕ್ಕ ನಂಬ್ಕೊಂಡು ತಾನೇ ಮನೆಗಳನ್ನ ಕೊಂಡು ಮಾರೋಕೆ ಹೋಗಿ, 2021ರ ನವೆಂಬರ್‌ನಲ್ಲಿ ಆ ವ್ಯವಹಾರವನ್ನೇ ಮುಚ್ಚುತ್ತೀವಿ ಅಂತು.

ಲೆಕ್ಕದವ: ಬ್ರೋಕರ್ ಹೇಳೋ ಬೆಲೆನೂ ಅಷ್ಟೇ. ಲೆವಿಟ್, ಸೈವರ್ಸನ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞರ 2008ರ ಅಧ್ಯಯನ ನೋಡಿ: ಏಜೆಂಟರು ಸ್ವಂತ ಮನೆ ಮಾರೋವಾಗ ಗಿರಾಕಿಗಳ ಮನೆಗಿಂತ ಹತ್ತಿರಹತ್ತಿರ ಹತ್ತು ದಿನ ಜಾಸ್ತಿ ಕಾದು ಶೇ 3.7 ಹೆಚ್ಚು ಪಡೀತಾರೆ.

ಕೀಲಿಕೈ: ನಾನು ಬ್ರೋಕರ್. ಹತ್ತು ಸಲ ಬಾಗಿಲು ತೆಗೆದು ಮನೆ ತೋರಿಸೋರು ನಾವು. ನಿಮ್ಮ ಅಧ್ಯಯನ ಬಂದು ತೋರಿಸುತ್ತಾ?

ಲೆಕ್ಕದವ: ತೋರಿಸಿ, ಬೇಡ ಅಂದೋರ್ಯಾರು. ಬೆಲೆ ಕಟ್ಟಬೇಡಿ.

ಕೀಲಿಕೈ: ನೀವು ಎಷ್ಟು ಮನೆ ಮಾರಿದ್ದೀರಿ ಸ್ವಾಮಿ?

ಲೆಕ್ಕದವ: ಒಂದು. ನಿಮ್ಮಂಥೋರ ಕೈಲಿ. ಅದಕ್ಕೇ ಹೇಳ್ತಿರೋದು.

ಶುಭೋದಯ ಬಳಗ: ಗುಂಪಲ್ಲಿ ಜಗಳ ಬೇಡ 🙏 ಸಕಾರಾತ್ಮಕವಾಗಿ ಯೋಚಿಸಿ.

ಕೀಲಿಕೈ: ನೀವು ಮೊದ್ಲು ಫಾರ್ವರ್ಡ್ ಮಾಡೋದು ನಿಲ್ಸಿ.

ಮೂರು ಬೆಡ್‌ರೂಮ್: ನಮ್ದು ಮೂರು ಬೆಡ್‌ರೂಮ್, ಎಷ್ಟು ಬರುತ್ತೆ?

ತಾರಸಿ ಗಿಡ: ಅಡುಗೆಮನೆ, ಟೈಲ್ಸ್ ಎಲ್ಲ ಹೊಸದು ಮಾಡಿಸಿದ್ದೀವಿ ಮೇಡಂ, ಖರ್ಚು ಬೆಲೆಗೆ ಸೇರಿಸಬಹುದಾ?

ವ್ಯಾಲ್ಯುಯರ್: ಮೇಲೆ ಉತ್ತರ ಇದೆ.

ತಾರಸಿ ಗಿಡ: ಅದು ಬರೀ ಅಡುಗೆಮನೆಗೆ ಇತ್ತಲ್ಲ.

ವ್ಯಾಲ್ಯುಯರ್: ಟೈಲ್ಸ್‌ಗೂ ಅದೇ.

ಎರಡನೇ ಮಹಡಿ: ಫ್ಲಾಟ್ ಅಳತೆ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಜಾಗ) ಹಿಡೀಬೇಕಾ, ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲು, ಲಿಫ್ಟಿನಂಥ ಎಲ್ಲರ ಜಾಗದ ಪಾಲೂ ಸೇರಿ) ಹಿಡೀಬೇಕಾ?

ವ್ಯಾಲ್ಯುಯರ್: ಯಾವುದಾದ್ರೂ ಹಿಡೀರಿ, ಹೋಲಿಸೋ ಎಲ್ಲ ಫ್ಲಾಟ್‌ಗೂ ಅದನ್ನೇ ಹಿಡೀರಿ. ಅವರದು ಸೂಪರ್ ಬಿಲ್ಟಪ್, ನಿಮ್ಮದು ಕಾರ್ಪೆಟ್ ಅಂತ ಬೆರೆಸಿದ್ರೆ ಬರೋ ಉತ್ತರಕ್ಕೆ ನಾನು ಜವಾಬ್ದಾರಳಲ್ಲ.

ಹಿತ್ತಿಲ ಬಾವಿ: ಮೇಡಂ, ಅಮ್ಮನಿಗೆ ಓದಿ ಹೇಳಿದೆ. ಚಿಕ್ಕಪ್ಪ ನಿನ್ನೆನೇ ಬಾಡಿಗೆಯವರ ಹತ್ರ ಮುಂಗಡ ತಗೊಂಡಿದ್ದಾರಂತೆ. ಈಗ ಏನ್ಮಾಡೋದು?

ವ್ಯಾಲ್ಯುಯರ್: ಮನೆ ಪತ್ರ ಯಾರ ಹೆಸರಲ್ಲಿದೆ? ಅಮ್ಮ ಎಲ್ಲಾದ್ರೂ ಸಹಿ ಹಾಕಿದ್ದಾರಾ?

ಕೀಲಿಕೈ: ಮುಂಗಡ ತಗೊಂಡ ಮೇಲೆ ಮುಗೀತು ಅಕ್ಕ, ಕೊಡಲೇಬೇಕು.

ಲೆಕ್ಕದವ: ನೋಡಿ, ಇದಕ್ಕೇ ನಾನು ಹೇಳಿದ್ದು!

ವ್ಯಾಲ್ಯುಯರ್: ಇಬ್ಬರೂ ಸುಮ್ನಿರ್ತೀರಾ? ಅವರು ಉತ್ತರ ಕೊಡಲಿ.

ಹಿತ್ತಿಲ ಬಾವಿ: ಅಮ್ಮ, ನಾನು, ಇಬ್ಬರ ಹೆಸರಲ್ಲಿದೆ. ಚಿಕ್ಕಪ್ಪನ ಹೆಸರಿಲ್ಲ. ನಾವಿಬ್ಬರೂ ಎಲ್ಲೂ ಸಹಿ ಹಾಕಿಲ್ಲ.

ವ್ಯಾಲ್ಯುಯರ್: ಹಾಕಲೂಬೇಡಿ. ನಾಳೆ ಬೆಳಿಗ್ಗೆನೇ ಪತ್ರ ತಗೊಂಡು ವಕೀಲರ ಹತ್ರ ಹೋಗಿ. ಇದು ಈಗ ನನ್ನ ಕೆಲಸ ಅಲ್ಲ, ಅವರದು. ಬೆಲೆ ಲೆಕ್ಕ ಆಮೇಲೆ ಮಾಡೋಣ.

ಅಡ್ಮಿನ್: ಮೇಡಂ ಇನ್ನು ಹೊರಡಬೇಕಂತೆ. ಬ್ರೋಕರ್ ಚರ್ಚೆ ಬೇಕಾದವರು ಇನ್‌ಬಾಕ್ಸಲ್ಲಿ ಮುಂದುವರಿಸಿ.

ಮೂರು ಬೆಡ್‌ರೂಮ್: ನಂದು ಯಾರೂ ನೋಡಿಲ್ವಾ? ಎಷ್ಟು ಬರುತ್ತೆ ಹೇಳಿ ಪ್ಲೀಸ್.